ಲೆಕ್ಕ ಒಪ್ಪಿಸುವ ಕಾಗದ

ಅಮೆರಿಕದ ಸಂಸದರು ತಮ್ಮ ಕ್ಷೇತ್ರದ ಜನರಿಗೆ ಬರೆಯುವ ಕಾಗದಕ್ಕೆ ಅಂಚೆಚೀಟಿ ಇರುವುದಿಲ್ಲ. ಚೀಟಿ ಅಂಟಿಸಬೇಕಾದ ಮೂಲೆಯಲ್ಲಿ ಅವರ ಸಹಿ ಅಚ್ಚಾಗಿರುತ್ತದೆ. ಆ ಸಹಿ ಇದ್ದರೆ ಸಾಕು, ಅಂಚೆಯವರು ಮುಟ್ಟಿಸುತ್ತಾರೆ. 1789ರಲ್ಲಿ ಸೇರಿದ ಮೊದಲ ಸಂಸತ್ತಿನ ಕಾಲದಿಂದ ಇರುವ ಸವಲತ್ತು ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವು ವರ್ಷ ನಿಂತಿದ್ದನ್ನು ಬಿಟ್ಟರೆ ಇವತ್ತಿಗೂ ನಡೆದಿದೆ. ಕ್ಷೇತ್ರಕ್ಕೆಲ್ಲ ಒಟ್ಟಾಗಿ ಕಳಿಸುವ ಕಾಗದವಾದರೆ, ಇದರ ಖರ್ಚು ಸರ್ಕಾರಿ ಹಣದ್ದು ಎಂದು ಅದರ ಮೇಲೆಯೇ ನಮೂದಿಸಬೇಕು. ಚುನಾವಣೆ ಹತ್ತಿರ ಬಂದಾಗ ಹಾಗೆ ಕಳಿಸುವಂತಿಲ್ಲ.

ಕಳೆದ ಚಳಿಗಾಲ ನಾನು ಇಲಿನಾಯ್ ರಾಜ್ಯದ ಮೊಲೀನ್ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಅವಳು ಅಲ್ಲಿನ ಟ್ರ್ಯಾಕ್ಟರ್ ಕಂಪನಿಯಲ್ಲಿ ಎಂಜಿನಿಯರ್. ಜಾನ್ ಡಿಯರ್ ಕಂಪನಿಯ ಕೇಂದ್ರ ಕಚೇರಿ ಇರುವ ಊರದು. ಸುತ್ತ ಎತ್ತ ನೋಡಿದರೂ ಮುಸುಕಿನ ಜೋಳ, ಸೋಯಾ ಕೊಯ್ದು ಬೋಳಾದ ಹೊಲಗಳು. ಪಕ್ಕದಲ್ಲೇ ಮಿಸಿಸಿಪ್ಪಿ ನದಿ, ನದಿಯ ನಡುವಿನ ದ್ವೀಪದಲ್ಲಿ 1862ರಿಂದ ಇರುವ ರಾಕ್ ಐಲ್ಯಾಂಡ್ ಆರ್ಸೆನಲ್ ಎಂಬ ಸೇನೆಯ ಶಸ್ತ್ರಾಗಾರ. ಹೊಲದವರೂ ಸೇನೆಯವರೂ ಒಂದೇ ಪೇಟೆಯಲ್ಲಿ ಸಾಮಾನು ಕೊಳ್ಳುವ ಸೀಮೆ. ಹಾಗಾಗಿ ಆ ಕ್ಷೇತ್ರದ ಪ್ರತಿನಿಧಿಯಿಂದ ಮಗಳಿಗೆ ಬಂದ ಕಾಗದದಲ್ಲಿ ಇದ್ದದ್ದು ಎರಡೇ ವಿಷಯ: ರಕ್ಷಣಾ ಕಾಯ್ದೆ ಮತ್ತು ಕೃಷಿ ಕಾಯ್ದೆ. ಸೈನಿಕರ ಸಂಬಳ ಇಷ್ಟು ಏರಿತು, ನಮ್ಮ ಶಸ್ತ್ರಾಗಾರದ ಕೆಲಸ ಉಳಿಯಿತು, ಬೆಳೆ ವಿಮೆ ಗಟ್ಟಿಯಾಯಿತು, ಕೃಷಿ ಕಾಯ್ದೆ ಇನ್ನೂ ಆಗಿಲ್ಲ, ನಾನು ಇದಕ್ಕೆ ಹೌದು ಎಂದೆ, ಅದಕ್ಕೆ ಬೇಡ ಎಂದೆ, ಕಾರಣ ಇದು.

ನಾನು ಚಳ್ಳಕೆರೆ ಸೀಮೆಯವನು, ಮೇಷ್ಟರಾಗಿ ನಿವೃತ್ತನಾದವನು. ಮೊದಲ ಸಲ ಮತ ಹಾಕಿದ ದಿನದಿಂದ ಇವತ್ತಿನವರೆಗೆ ನನ್ನ ಪ್ರತಿನಿಧಿಯೊಬ್ಬರು ‘ನಿಮ್ಮ ಪರವಾಗಿ ನಾನು ಹೀಗೆ ಮತ ಹಾಕಿದೆ, ಕಾರಣ ಇದು’ ಎಂದು ನನಗೆ ತಿಳಿಸಿದ್ದಿಲ್ಲ. ಆದ್ದರಿಂದ ಆ ಕಾಗದ ನನಗೆ ದೊಡ್ಡದಾಗಿ ಕಂಡಿತು. ಮಗಳು, “ಅಪ್ಪ, ಅದು ಪ್ರಚಾರದ ಕಾಗದ, ತಿಂಗಳಿಗೊಂದು ಬರುತ್ತೆ, ಯಾರೂ ಓದಲ್ಲ” ಎಂದಳು. ಆದರೂ ಓದಿದೆ. ಓದುತ್ತಾ ಹೋದಂತೆ, ಅದರಲ್ಲಿ ಹೇಳಿದ್ದಕ್ಕಿಂತ ಬಿಟ್ಟಿದ್ದು ನನ್ನನ್ನು ಹೆಚ್ಚು ಕಾಡತೊಡಗಿತು.

ಇಂಥ ಕಾಗದಗಳಿಗೆ ಅಲ್ಲಿ ದೊಡ್ಡ ಚರಿತ್ರೆಯಿದೆ. ರಸ್ತೆಯೂ ಪತ್ರಿಕೆಯೂ ಕಡಿಮೆಯಿದ್ದ ಕಾಲದಲ್ಲಿ ದಕ್ಷಿಣದ, ಪಶ್ಚಿಮದ ಪ್ರತಿನಿಧಿಗಳು ಸಭೆ ಮುಗಿಯುವ ಹೊತ್ತಿಗೆ ಒಂದು ಸುತ್ತೋಲೆ ಬರೆದು ಊರೂರಿಗೆ ಕಳಿಸುತ್ತಿದ್ದರು. 1797ರ ಮೇ ತಿಂಗಳಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಸೇರಿದ ಒಕ್ಕೂಟ ನ್ಯಾಯಾಲಯದ ಗ್ರ್ಯಾಂಡ್ ಜ್ಯೂರಿಯು (ಆರೋಪ ಹೊರಿಸುವ ನಾಗರಿಕರ ಮಂಡಳಿ), ಸ್ಯಾಮ್ಯುಯೆಲ್ ಕ್ಯಾಬೆಲ್ ಎಂಬ ಪ್ರತಿನಿಧಿಯ ಸುತ್ತೋಲೆಗಳು ಸರ್ಕಾರದ ಮೇಲೆ ಆಧಾರವಿಲ್ಲದ ದೂರು ಹಬ್ಬಿಸುತ್ತಿವೆ ಎಂದು ಆಪಾದನೆ ಮಾಡಿತು. ಆಗ ಉಪಾಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಕೆರಳಿದರು. ಪ್ರತಿನಿಧಿ ತನ್ನನ್ನು ಕಳಿಸಿದ ಜನರೊಂದಿಗೆ ಮಾತಾಡುವುದಕ್ಕೆ ನ್ಯಾಯಾಲಯ ಅಡ್ಡ ಬರಬಾರದು ಎಂದು ವಾದಿಸುವ ಒಂದು ಮನವಿಯನ್ನು ತಮ್ಮ ಹೆಸರು ಹಾಕದೆ ತಾವೇ ಬರೆದು ವರ್ಜೀನಿಯಾದ ಶಾಸನಸಭೆಗೆ ಮುಟ್ಟುವಂತೆ ಮಾಡಿದರು. ಸರ್ಕಾರದವರು ಹೆದರಿದ್ದು ಒಬ್ಬ ಪ್ರತಿನಿಧಿಯ ಕಾಗದಕ್ಕೆ ಎಂಬುದನ್ನು ನೆನೆದರೆ, ಮಗಳು ಓದದೆ ಪಕ್ಕಕ್ಕಿಟ್ಟ ವಸ್ತುವಿನ ಬೆಲೆ ಗೊತ್ತಾಗುತ್ತದೆ.

ಇನ್ನು ಆ ಎರಡು ಕಾಯ್ದೆಗಳು. ಎರಡರ ಹಣೆಬರಹವೂ ಬೇರೆ ಬೇರೆ. ರಕ್ಷಣಾ ಅನುಮೋದನೆಯ ಕಾಯ್ದೆ 60 ವರ್ಷಕ್ಕೂ ಹೆಚ್ಚು ಕಾಲದಿಂದ ಒಂದು ವರ್ಷವೂ ತಪ್ಪದೆ ಪಾಸಾಗಿದೆ. 2020ರ ಕೊನೆಯಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ತಿರಸ್ಕರಿಸಿದಾಗ, ಪ್ರತಿನಿಧಿ ಸಭೆಯ ಬೆನ್ನಿಗೆ ಸೆನೆಟ್ 2021ರ ಜನವರಿ 1ರಂದು, ಹೊಸ ವರ್ಷದ ರಜೆಯ ದಿನವೇ ಕೂತು, ಆ ತಿರಸ್ಕಾರವನ್ನು ಮೀರಿ ಅದನ್ನು ಕಾಯ್ದೆ ಮಾಡಿತು. ಕಾಗದದಲ್ಲಿದ್ದ ಕಾಯ್ದೆ ಪ್ರತಿನಿಧಿ ಸಭೆಯಲ್ಲಿ 312ಕ್ಕೆ 112, ಸೆನೆಟ್‌ನಲ್ಲಿ 77ಕ್ಕೆ 20 ಮತಗಳಿಂದ ಗೆದ್ದು 2025ರ ಡಿಸೆಂಬರ್ 18ರಂದು ಸಹಿ ಪಡೆಯಿತು. ಮೊತ್ತ ಸುಮಾರು 90,000 ಕೋಟಿ ಡಾಲರ್. ವಾಸ್ತವದಲ್ಲಿ ಈ ಕಾಯ್ದೆ ಹಣ ಕೊಡುವುದಿಲ್ಲ. ಖರ್ಚು ಮಾಡಬಹುದು ಎಂದು ಒಪ್ಪಿಗೆ ಕೊಡುತ್ತದೆ, ಅಷ್ಟೆ. ಹಣ ಬರುವುದು ಬೇರೆ ಮಸೂದೆಯಲ್ಲಿ, ಬೇರೆ ಸಮಿತಿಯಿಂದ. ಕಾಗದದಲ್ಲಿ ‘ತಂದೆ’ ಎಂದು ಬರೆದದ್ದು ಎಷ್ಟೋ ಸಲ ‘ತರಬಹುದು’ ಎಂದು ಮಾತ್ರ ಆಗಿರುತ್ತದೆ.

ಕೃಷಿ ಕಾಯ್ದೆಯ ಕಥೆ ಹೀಗಲ್ಲ. 1933ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಬೆಲೆ ಕುಸಿದ ರೈತರನ್ನು ಎತ್ತಲು ಹುಟ್ಟಿದ್ದು ಅದು. 1973ರಲ್ಲಿ ಅದರೊಳಕ್ಕೆ ಬಡವರ ಆಹಾರ ನೆರವನ್ನೂ ಸೇರಿಸಿದರು. ಗೋಧಿ ಬೆಳೆಯುವ ಕ್ಷೇತ್ರದ ಪ್ರತಿನಿಧಿಗೆ ನಗರದವರ ಮತ ಬೇಕು, ನಗರದ ಪ್ರತಿನಿಧಿಗೆ ತನ್ನ ಬಡವರ ಊಟಕ್ಕೆ ಹಳ್ಳಿಯವರ ಮತ ಬೇಕು. ಹೊಲಕ್ಕೂ ಪಟ್ಟಣದ ಅಡುಗೆಮನೆಗೂ ಆದ ಈ ಒಪ್ಪಂದದ ಮೇಲೆ ಆ ಕಾಯ್ದೆ ಇಷ್ಟು ವರ್ಷ ನಿಂತಿತ್ತು. 2013ರ ಜೂನ್ 20ರಂದು ಪ್ರತಿನಿಧಿ ಸಭೆಯಲ್ಲಿ ಅದು 195ಕ್ಕೆ 234 ಮತಗಳಿಂದ ಬಿದ್ದುಹೋಯಿತು. 2018ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆಯ ಅವಧಿ 2023ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಹೊಸದು ಬರಲಿಲ್ಲ. ಹಳೆಯದನ್ನೇ ಮೂರು ಸಲ ಮುಂದಕ್ಕೆ ದೂಡಿದರು. ದೂಡದಿದ್ದರೆ ಏನಾಗುತ್ತಿತ್ತು ಎಂಬುದೂ ಕೇಳುವಂಥದ್ದೇ. ಅವಧಿ ಮುಗಿದ ಕಾಯ್ದೆಯ ಕೆಳಗೆ 1938 ಮತ್ತು 1949ರ ಹಳೆಯ ಕಾಯ್ದೆಗಳು ಇನ್ನೂ ಜೀವಂತವಾಗಿವೆ. ಅವು ಎದ್ದು ಕೂತರೆ ಸರ್ಕಾರ 1910–14ರ ಕಾಲದ ಬೆಲೆಗಳ ಅನುಪಾತದಲ್ಲಿ ಲೆಕ್ಕ ಹಾಕಿ ಹಾಲು ಕೊಳ್ಳಬೇಕಾಗುತ್ತದೆ, ಪೇಟೆಯಲ್ಲಿ ಹಾಲಿನ ಬೆಲೆ ಮನಬಂದಂತೆ ಏರುತ್ತದೆ. ಆ ಭಯವೇ ಸಂಸತ್ತನ್ನು ವರ್ಷ ವರ್ಷ ಎಬ್ಬಿಸಿ ಕೂರಿಸುತ್ತಿದೆ.

2025ರ ಜುಲೈ 4ರಂದು ಸಹಿಯಾದ ದೊಡ್ಡ ತೆರಿಗೆ–ವೆಚ್ಚ ಕಾಯ್ದೆ ಆ ಹಳೆಯ ಒಪ್ಪಂದವನ್ನೇ ಮುರಿಯಿತು. ರೈತರಿಗೆ ಬೇಕಾದದ್ದನ್ನು ಅದರಲ್ಲಿ ಸೇರಿಸಿದರು: ಮುಸುಕಿನ ಜೋಳದ ಆಧಾರ ಬೆಲೆ ಬುಶೆಲ್‌ಗೆ 3.70 ಡಾಲರ್ ಇದ್ದದ್ದು 4.10, ಸೋಯಾ 8.40ರಿಂದ 10, ಶೇಂಗಾ ಟನ್ನಿಗೆ 535ರಿಂದ 630. (ಶೇಂಗಾದ ಸಾಲು ಬಂದಾಗ ನಾನು ಎರಡು ಸಲ ಓದಿದೆ. ಮುಂಗಾರು ಕೈಕೊಟ್ಟ ವರ್ಷ ಬೀಜದ ದುಡ್ಡೂ ಹುಟ್ಟದ ಶೇಂಗಾ ಹೊಲಗಳನ್ನು ನೋಡಿ ಬೆಳೆದವನು ನಾನು.) ಅದೇ ಕಾಯ್ದೆಯಲ್ಲಿ ಬಡವರ ಆಹಾರ ನೆರವಿನಿಂದ ಹತ್ತು ವರ್ಷದಲ್ಲಿ ಸುಮಾರು 18,600 ಕೋಟಿ ಡಾಲರ್ ಕಡಿತವಾಗುತ್ತದೆ ಎಂದು ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಕೊಟ್ಟಿತು. ಹೊಲದವರು ತಮ್ಮ ಪಾಲನ್ನು ಮೊದಲೇ ಪಡೆದಾಗಿದೆ. ಇನ್ನು ಪಟ್ಟಣದವರು ಯಾವ ಆಸೆಗೆ ಕೃಷಿ ಕಾಯ್ದೆಗೆ ಕೈ ಎತ್ತಬೇಕು? ಹೊಸ ಕಾಯ್ದೆ ತಡವಾಗುತ್ತಿರುವುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಇದು. ಕಾಗದದಲ್ಲಿ ಬೆಲೆ ಏರಿದ್ದೂ ಕಡಿತವಾದದ್ದೂ ಬೇರೆ ಬೇರೆ ಪ್ಯಾರಾದಲ್ಲಿದ್ದವು. ಅವೆರಡೂ ಒಂದೇ ವ್ಯವಹಾರದ ಎರಡು ಬದಿ ಎಂದು ಯಾವ ಸಾಲೂ ಹೇಳಲಿಲ್ಲ.

ಇನ್ನೂ ಒಂದು ಕಡೆ ರಕ್ಷಣೆ, ಕೃಷಿ ಎಂಬ ಆ ಎರಡು ಕಾಯ್ದೆಗಳು ಕೂಡುತ್ತವೆ, ಅದೂ ಕಾಗದದಲ್ಲಿ ಇರಲಿಲ್ಲ. ಅಮೆರಿಕದ ಸೇನೆಯ ಕೆಳಗಿನ ದರ್ಜೆಯ ಸಿಪಾಯಿಗಳಲ್ಲಿ ಮನೆಮಂದಿಯ ಊಟಕ್ಕೆ ಪರದಾಡುವವರು ಇದ್ದಾರೆ. ಸೇನಾ ನೆಲೆಗಳ ಹತ್ತಿರ ಪುಕ್ಕಟೆ ದಿನಸಿ ಹಂಚುವ ಕೇಂದ್ರಗಳು ನಡೆಯುತ್ತವೆ. 2024ರ ಡಿಸೆಂಬರ್‌ನ ರಕ್ಷಣಾ ಕಾಯ್ದೆ ಕಿರಿಯ ಸಿಪಾಯಿಗಳ ಸಂಬಳವನ್ನು ಒಟ್ಟು ಶೇ. 14.5ರಷ್ಟು ಏರಿಸಿದ್ದರ ಹಿಂದೆ ಈ ಸಂಕಟವಿದೆ. ಆಹಾರ ನೆರವು ಕೇಳಲು ಹೋದರೆ, ಸಿಪಾಯಿಗೆ ಬರುವ ಮನೆ ಬಾಡಿಗೆ ಭತ್ಯೆಯನ್ನೂ ಆದಾಯವೆಂದು ಹಿಡಿಯುತ್ತಾರೆ. ಆದಾಯ ಮಿತಿ ಮೀರಿತು ಎಂದು ಅರ್ಜಿ ಬಿದ್ದುಹೋಗುತ್ತದೆ. ಆ ಆಹಾರ ನೆರವಿನ ಕಾಯ್ದೆ ಇರುವುದು ಕೃಷಿ ಸಮಿತಿಯ ಕೈಯಲ್ಲಿ. ರಕ್ಷಣಾ ಸಮಿತಿಯವರು ತಮ್ಮ ಕಾಯ್ದೆಯಲ್ಲಿ ಕಡಿಮೆ ಆದಾಯದ ಸಿಪಾಯಿಗಳಿಗೆಂದು ಬೇರೊಂದು ಭತ್ಯೆ ತಂದರು. ಒಂದೇ ಮನೆಯ ಒಂದೇ ಹಸಿವನ್ನು ಎರಡು ಸಮಿತಿ ಎರಡು ಕಡತದಲ್ಲಿ ನೋಡುತ್ತವೆ.

2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿನ ಸರ್ಕಾರ ಹಣದ ಒಪ್ಪಿಗೆ ಸಿಗದೆ ಬಾಗಿಲು ಹಾಕಿತ್ತು. ಸೈನಿಕರ ಸಂಬಳಕ್ಕೆ ಬೇರೆ ಬಾಬ್ತಿನಿಂದ ಹಣ ಹೊಂದಿಸಿದರು. ನಾಲ್ಕು ಕೋಟಿಗೂ ಹೆಚ್ಚು ಜನ ಪಡೆಯುವ ಆಹಾರ ನೆರವು ಮಾತ್ರ ನವೆಂಬರ್‌ನಲ್ಲಿ ಸಿಕ್ಕಿಕೊಂಡಿತು. ಮೀಸಲು ನಿಧಿಯನ್ನು ಬಳಸುವಂತೆ ಮಾಡಲು ನ್ಯಾಯಾಲಯ ಹೇಳಬೇಕಾಯಿತು. ರಕ್ಷಣೆ ಪ್ರತಿ ವರ್ಷ ಗೆಲ್ಲುವುದೂ ಕೃಷಿ ವರ್ಷಗಟ್ಟಲೆ ನೇತಾಡುವುದೂ ಯಾಕೆ ಎಂಬುದಕ್ಕೆ ಆ ವಾರಗಳೇ ಉತ್ತರ ಎನ್ನಿಸಿತು. ಸೈನಿಕನಿಗೆ ತಡವಾದರೆ ಯಾವ ಪಕ್ಷಕ್ಕೂ ಮುಖ ತೋರಿಸುವುದು ಕಷ್ಟ. ಬಡವನಿಗೆ ತಡವಾದರೆ ಆ ಭಯ ಹುಟ್ಟುವುದಿಲ್ಲ.

ಇಲ್ಲಿಯವರೆಗೆ ಇದು ಅವರ ದೇಶದ ಮಾತು, ನಾನು ಮಗಳ ಮನೆಗೆ ಬಂದ ನೆಂಟ. ಆದರೆ ಆ ಕೃಷಿ ಕಾಯ್ದೆಯ ಮೂರನೆಯ ಅಧ್ಯಾಯ ನನಗೆ ಸಂಬಂಧಪಟ್ಟದ್ದು.

2008ರಲ್ಲಿ ಒಂದು ಪ್ರಮಾದವಾಯಿತು. ಎರಡೂ ಸದನ ಒಪ್ಪಿದ ಕೃಷಿ ಮಸೂದೆಯನ್ನು ಅಧ್ಯಕ್ಷ ಬುಷ್ ಅವರಿಗೆ ಕಳಿಸುವಾಗ ಸಿಬ್ಬಂದಿಯ ಕಣ್ತಪ್ಪಿನಿಂದ 34 ಪುಟ ಬಿಟ್ಟುಹೋದವು. ಅಧ್ಯಕ್ಷರು ತಿರಸ್ಕರಿಸಿದ್ದು ಆ ಪುಟಗಳಿಲ್ಲದ ಪ್ರತಿಯನ್ನು. ಪ್ರತಿನಿಧಿ ಸಭೆ ತಿರಸ್ಕಾರವನ್ನು ಮೀರಿ ಮತ ಹಾಕಿದ್ದೂ ಆ ಪ್ರತಿಗೇ. ಆಮೇಲೆ ಇಡೀ ಮಸೂದೆಯನ್ನು ಮತ್ತೆ ಪಾಸು ಮಾಡಿ, ಮತ್ತೆ ತಿರಸ್ಕಾರ ಮಾಡಿಸಿಕೊಂಡು, ಜೂನ್ 18ರಂದು ಮತ್ತೆ ಮೀರಬೇಕಾಯಿತು. ಬಿಟ್ಟುಹೋಗಿದ್ದ ಪುಟಗಳು ಮೂರನೆಯ ಅಧ್ಯಾಯದವು: ವ್ಯಾಪಾರ ಮತ್ತು ಹೊರದೇಶದ ಹಸಿದವರಿಗೆ ಕೊಡುವ ಧಾನ್ಯದ ಭಾಗ. ಇಡೀ ಮಸೂದೆಯಲ್ಲಿ ಮತದಾರರಿಲ್ಲದ ಅಧ್ಯಾಯ ಅದು. ಅದಿಲ್ಲದಿದ್ದರೂ ಸದನದ ಮತ ನಡೆದುಹೋಯಿತು. ಕಣ್ತಪ್ಪು ಕಣ್ತಪ್ಪೇ, ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆದರೂ ಆ ಪುಟಗಳ ವಿಷಯ ತಿಳಿದಾಗ ನನ್ನ ಎದೆಯಲ್ಲಿ ಏನೋ ಚುಚ್ಚಿತು.

ಯಾಕೆಂದರೆ ಆ ಅಧ್ಯಾಯದ ಊಟ ಉಂಡವನು ನಾನು. 1954ರ ಜುಲೈ 10ರಂದು ಐಸೆನ್‌ಹೋವರ್ ಸಹಿ ಮಾಡಿದ ಸಾರ್ವಜನಿಕ ಕಾಯ್ದೆ 480, ನಮ್ಮ ಹಿರಿಯರ ಬಾಯಲ್ಲಿ ‘ಪಿ.ಎಲ್. 480’, ಅಮೆರಿಕದ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಹೆಚ್ಚುವರಿ ಧಾನ್ಯಕ್ಕೆ ದಾರಿ ಹುಡುಕಲು ಬಂದದ್ದು. ಕನ್ಸಾಸ್, ಅಯೊವಾ ರೈತರ ಬೆಲೆ ಬೀಳಬಾರದೆಂಬುದು ಅದರ ಮೊದಲ ಉದ್ದೇಶ. ಆ ಧಾನ್ಯ ‘ಕೇರ್’ ಸಂಸ್ಥೆಯ ಮೂಲಕ ಮೈಸೂರು ರಾಜ್ಯದ ಶಾಲೆಗಳಿಗೆ ಬಂತು. ನನ್ನ ವಯಸ್ಸಿನ ಯಾರನ್ನು ಬೇಕಾದರೂ ಕೇಳಿ, ‘ಸ್ಕೂಲ್ ಉಪ್ಪಿಟ್ಟು’ ಎಂದರೆ ಸಾಕು. ಹಳದಿ ರವೆ, ಗೋಣಿಯ ಬಾಯಿ ಬಿಚ್ಚಿದರೆ ನಮ್ಮ ಯಾವ ಧಾನ್ಯದ್ದೂ ಅಲ್ಲದ ಒಂದು ವಾಸನೆ. ಚೌಕದ ಡಬ್ಬದಲ್ಲಿ ಎಣ್ಣೆ. ಚೀಲದ ಮೇಲೂ ಡಬ್ಬದ ಮೇಲೂ ಪಟ್ಟಿ, ನಕ್ಷತ್ರ, ಅದರ ಕೆಳಗೆ ಒಂದನ್ನೊಂದು ಹಿಡಿದ ಎರಡು ಕೈ. ಶಾಲೆಯ ಹಿಂದೆ ಮೂರು ಕಲ್ಲಿನ ಒಲೆ. ಹೊಗೆ ತರಗತಿಯೊಳಕ್ಕೆ ಬರುತ್ತಿತ್ತು. ನಾವು ಅಲ್ಯುಮಿನಿಯಂ ತಟ್ಟೆ ಹಿಡಿದು ಸಾಲಾಗಿ ಕೂರುತ್ತಿದ್ದೆವು. ಸೌಟಿನಿಂದ ಬಡಿಸುವಾಗ ಅದು ತಟ್ಟೆಗೆ ಅಂಟಿ ನಿಲ್ಲುತ್ತಿತ್ತು. ಮನೆಯಲ್ಲಿ ಒಂದು ಹೊತ್ತಿನ ಮುದ್ದೆಗೂ ಅಳತೆ ಇದ್ದ ಬರಗಾಲದ ದಿನಗಳು. ತಟ್ಟೆ ನೆಕ್ಕಿ, ಎರಡನೆಯ ಸಲ ಬಡಿಸುತ್ತಾರೋ ಎಂದು ಕಾಯುತ್ತಿದ್ದೆವು. ಖಾಲಿ ಡಬ್ಬಗಳಿಗೆ ಊರಲ್ಲಿ ಬೇಡಿಕೆಯಿತ್ತು. ರಾಗಿ ಹಿಟ್ಟು ತುಂಬಿಡಲು ಅದಕ್ಕಿಂತ ಗಟ್ಟಿ ಡಬ್ಬ ಇರಲಿಲ್ಲ. ನಮ್ಮ ಅಟ್ಟದ ಮೇಲೆ ಆ ಎರಡು ಕೈಗಳ ಚಿತ್ರ ಬಣ್ಣ ಮಾಸುವವರೆಗೆ ಇತ್ತು.

ಆ ಉಪ್ಪಿಟ್ಟಿಗೆ ಹೌದು ಎಂದು ಮತ ಹಾಕಿದವರು ಯಾರು? ಅವರು ತಮ್ಮ ಜನಕ್ಕೆ ಬರೆದ ಕಾಗದದಲ್ಲಿ ಗೋಧಿಯ ಬೆಲೆ ನಿಂತಿತು, ಉಗ್ರಾಣ ಖಾಲಿಯಾಯಿತು, ಬಂದರಿನಲ್ಲಿ ಹಡಗಿಗೆ ಕೆಲಸ ಸಿಕ್ಕಿತು ಎಂದು ಬರೆದಿರಬೇಕು. ಚಳ್ಳಕೆರೆಯ ಹುಡುಗನ ವಿಷಯ ಬರೆದಿರಲಾರರು, ಬರೆಯಲು ಅವರಿಗೆ ತಿಳಿದೂ ಇರಲಿಲ್ಲ. ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಕಾಯ್ದೆ ಬರೆದವರ ಎಣಿಕೆಯನ್ನು ಮೀರಿ ಅದು ಎಲ್ಲೆಲ್ಲಿಗೋ ಹೋಗಿ ಮುಟ್ಟಿತ್ತು. ಗೋಧಿಗೆ ಭಾರತ ರೂಪಾಯಿಯಲ್ಲಿ ಹಣ ಕಟ್ಟುತ್ತಿತ್ತು. ಆ ರೂಪಾಯಿಯ ಒಂದು ಪಾಲಿನಿಂದ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳ ಕಪಾಟು ಸೇರಿದ್ದು ಹೀಗೆ. ನಮ್ಮ ಹೊಲ, ಬದು, ಸ್ಮಶಾನವನ್ನೆಲ್ಲ ಮುಚ್ಚಿದ ಪಾರ್ಥೇನಿಯಂ ಕಳೆಯೂ ಆ ಗೋಧಿಯ ಜೊತೆಗೇ ಬಂತೆಂದು ಜನ ನಂಬಿದ್ದಾರೆ. ಒಂದು ಕೃಷಿ ಕಾಯ್ದೆಯ ಲೆಕ್ಕದಲ್ಲಿ ಪುಸ್ತಕವೂ ಕಳೆಯೂ ಮಕ್ಕಳ ಊಟವೂ ಸೇರುತ್ತವೆ.

ಅದೇ ಕಾಯ್ದೆ ಆಯುಧವೂ ಆಗಿತ್ತು. 1965ರಿಂದ ಅಧ್ಯಕ್ಷ ಜಾನ್ಸನ್ ಭಾರತಕ್ಕೆ ಗೋಧಿಯ ದೀರ್ಘ ಒಪ್ಪಂದ ಮಾಡಿಕೊಳ್ಳದೆ, ಸ್ವಲ್ಪ ಸ್ವಲ್ಪವಾಗಿ, ಒಂದೊಂದು ಕಂತಿಗೂ ತಾವೇ ಒಪ್ಪಿಗೆ ಕೊಡುತ್ತಾ ಹಡಗು ಬಿಡಿಸಿದರು. ಭಾರತ ತನ್ನ ಕೃಷಿ ನೀತಿ ಬದಲಿಸಿಕೊಳ್ಳಲಿ ಎಂಬುದು ಒಂದು ಒತ್ತಡ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರನ್ನು ಕೆರಳಿಸಿತ್ತು ಎಂಬುದೂ ದಾಖಲಾದ ಮಾತು. ಹಡಗು ಬಂದರೆ ಊಟ, ಇಲ್ಲದಿದ್ದರೆ ಇಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ. ಲಾಲ್ ಬಹಾದೂರ್ ಶಾಸ್ತ್ರಿಗಳು ಸೋಮವಾರ ರಾತ್ರಿ ಊಟ ಬಿಡಿ ಎಂದು ದೇಶವನ್ನು ಕೇಳಿದರು. ನಮ್ಮ ಮನೆಯಲ್ಲೂ ಅಜ್ಜಿ ಸೋಮವಾರದ ಒಲೆ ಹಚ್ಚುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಜೈ ಜವಾನ್, ಜೈ ಕಿಸಾನ್ ಎಂಬ ಘೋಷಣೆ ಹುಟ್ಟಿದ್ದು ಆ ಸಂಕಟದಲ್ಲಿ. ಸಿಪಾಯಿಯನ್ನೂ ರೈತನನ್ನೂ ಒಂದೇ ಉಸಿರಿನಲ್ಲಿ ಕರೆಯುವುದು ಆಗ ಅಲಂಕಾರದ ಮಾತಾಗಿರಲಿಲ್ಲ. ತಿನ್ನುವ ಕಾಳಿಗೆ ಬೇರೆಯವರ ಸಂಸತ್ತಿನ ಕಡೆ ನೋಡುವ ದೇಶಕ್ಕೆ ಗಡಿಯಲ್ಲಿ ನಿಲ್ಲುವ ಧೈರ್ಯ ಎಲ್ಲಿಂದ ಬರಬೇಕು ಎಂದು ಆ ಮನುಷ್ಯನಿಗೆ ಗೊತ್ತಿತ್ತು.

ಇಷ್ಟೆಲ್ಲ ಯೋಚಿಸಿದ ಮೇಲೆ ನಮ್ಮ ಕಡೆ ತಿರುಗಿದೆ. ನಮಗೆ ಅಂಥ ಕಾಗದ ಯಾಕೆ ಬರುವುದಿಲ್ಲ? ನಮ್ಮ ಸಂಸದರು ಕೆಲಸ ಮಾಡುವುದಿಲ್ಲ ಎಂದಲ್ಲ. ಕ್ಷೇತ್ರದಲ್ಲಿ ಅವರ ಬಾಗಿಲಿಗೆ ಬರುವ ಜನಸಂದಣಿಯನ್ನು ಅಮೆರಿಕದ ಯಾವ ಪ್ರತಿನಿಧಿಯೂ ಕಂಡಿರಲಾರ. ಆಸ್ಪತ್ರೆಗೆ, ವರ್ಗಾವಣೆಗೆ, ಬೋರ್‌ವೆಲ್‌ಗೆ ಓಡಾಡಿ ಕೊಡುತ್ತಾರೆ. ಐದು ವರ್ಷಕ್ಕೊಮ್ಮೆ ಬಣ್ಣದ ಸಾಧನೆ ಪುಸ್ತಕವೂ ಬರುತ್ತದೆ, ಭೂಮಿಪೂಜೆಯ ಫೋಟೋಗಳೊಂದಿಗೆ. ಇಲ್ಲದಿರುವುದು ಮತದ ಲೆಕ್ಕ. ಅದು ಇಲ್ಲದಿರಲು ಕಾರಣ ಅವರ ಗುಣವಲ್ಲ, ಕಾನೂನು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಸರ್ಕಾರ ಉಳಿಯುವ–ಬೀಳುವ ಮತಕ್ಕೆ ಮಾತ್ರವಲ್ಲ, ವಿಪ್ ಇದ್ದರೆ ಯಾವ ಮಸೂದೆಗೂ ಇದು ಅನ್ವಯ. ದುಡ್ಡಿಗೆ ಪಕ್ಷ ಹಾರುವುದನ್ನು ತಡೆಯಲು ತಂದ ಕಾನೂನು ಅದು, ಆ ಉದ್ದೇಶ ಸರಿಯಾದದ್ದೇ. ಆದರೆ ಬೇಡ ಎನ್ನುವ ಹಕ್ಕಿಲ್ಲದವನು ಹೌದು ಎಂದದ್ದಕ್ಕೆ ಕಾರಣ ಬರೆಯಬೇಕಾದ ಅಗತ್ಯವೇ ಹುಟ್ಟುವುದಿಲ್ಲ.

ಕೆಲವೊಮ್ಮೆ ಮತವೇ ದಾಖಲಾಗುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಗದ್ದಲದ ನಡುವೆ ಧ್ವನಿಮತದಿಂದ ಪಾಸಾದವು. ವಿರೋಧ ಪಕ್ಷದವರು ಮತ ಎಣಿಸಿ ಎಂದರು, ಎಣಿಸಲಿಲ್ಲ. ಯಾವ ಸದಸ್ಯರು ಏನೆಂದರು ಎಂಬುದು ಕಡತದಲ್ಲಿ ಇಲ್ಲ. ಆಮೇಲೆ ದೆಹಲಿಯ ಗಡಿಯಲ್ಲಿ ರೈತರು ವರ್ಷಕ್ಕೂ ಮಿಕ್ಕಿ ಕೂತರು. 2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ಎರಡೂ ಸದನ ಒಂದೇ ದಿನ, ಚರ್ಚೆಯಿಲ್ಲದೆ, ರದ್ದು ಮಾಡಿದವು. ತಂದಾಗಲೂ ತೆಗೆದಾಗಲೂ ನಮ್ಮ ಪ್ರತಿನಿಧಿಯ ಮನಸ್ಸು ಏನಿತ್ತು ಎಂದು ಕೇಳುವ ಅವಕಾಶ ನಮಗೆ ಸಿಗಲಿಲ್ಲ. ಕಾಯ್ದೆ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ, ಆ ಮಾತು ಬೇರೆ. ಒಳ್ಳೆಯದೆಂದು ನಂಬಿದವರಾದರೂ ತಮ್ಮ ರೈತರಿಗೆ ಒಂದು ಪುಟ ಬರೆದಿದ್ದರೆ, ರೈತರು ಉತ್ತರ ಬರೆಯುತ್ತಿದ್ದರು. ರಸ್ತೆಯಲ್ಲಿ ಕೂರುವುದಕ್ಕೆ ಮುಂಚೆ ಆಗಬೇಕಾದ ಮಾತುಕತೆ ಅದು.

ಅಮೆರಿಕದ ಕಾಗದವನ್ನು ನಾನು ಹೊಗಳಿ ಮುಗಿಸಲಾರೆ. ಕೊಟ್ಟದ್ದನ್ನು ಹೇಳಿ ಬಿಟ್ಟುಕೊಟ್ಟದ್ದನ್ನು ಮುಚ್ಚುವ ಚಾಳಿ ಅದರಲ್ಲಿ ಇದೆ ಎಂದು ಮೇಲೆಯೇ ಬರೆದೆ. ಆದರೆ ಆ ಕಾಗದ ಕೈಯಲ್ಲಿದ್ದರೆ, ಅದರ ಪಕ್ಕದಲ್ಲಿ ಹೆಸರು ಹೆಸರಾಗಿ ದಾಖಲಾದ ಮತಪಟ್ಟಿಯನ್ನು ಇಟ್ಟು ನೋಡಬಹುದು. ಸೋಯಾ ಬೆಳೆಯುವ ಒಬ್ಬ ಮುದುಕರು ಮಗಳ ಬೀದಿಯ ಕೊನೆಯಲ್ಲಿದ್ದರು. ಬೆಳೆ ವಿಮೆ ಇಲ್ಲದಿದ್ದರೆ ಬ್ಯಾಂಕ್ ನನಗೆ ಬಿತ್ತನೆಯ ಸಾಲವನ್ನೇ ಕೊಡುವುದಿಲ್ಲ, ಹಾಗಾಗಿ ನಾನು ಕಾಗದದ ಆ ಒಂದು ಪ್ಯಾರಾವನ್ನು ತಪ್ಪದೆ ಓದುತ್ತೇನೆ, ತಪ್ಪು ಕಂಡರೆ ಕಚೇರಿಗೆ ಫೋನ್ ಮಾಡುತ್ತೇನೆ ಎಂದರು. ಸುಳ್ಳು ಬರೆದರೆ ಸಿಕ್ಕಿಬೀಳುವ ಕಾಗದ ಅದು. ನನಗೆ ಅಷ್ಟು ಸಾಕು.

ಹೊಲವೂ ರಕ್ಷಣೆಯೂ ಒಂದೇ ಕಾಗದದಲ್ಲಿ ಬರಬೇಕಾದ ಕ್ಷೇತ್ರ ಮೊಲೀನ್ ಒಂದೇ ಅಲ್ಲ. ನಮ್ಮ ಚಳ್ಳಕೆರೆಯೂ ಅಂಥದ್ದೇ. ಕುದಾಪುರದ ಸುತ್ತ ಸಾವಿರಾರು ಎಕರೆ ಅಮೃತಮಹಲ್ ಕಾವಲು ಇತ್ತು. ಮೈಸೂರು ಅರಸರ, ಹೈದರ್–ಟಿಪ್ಪುವಿನ ಸೇನೆಗೆ ಸಾಮಾನು ಎಳೆದ ತಳಿ ಅಮೃತಮಹಲ್. ಅಂದರೆ ಆ ಹುಲ್ಲುಗಾವಲು ಹುಟ್ಟಿದ್ದೇ ದನ ಮತ್ತು ದಂಡು ಎರಡರ ಸಲುವಾಗಿ. ಈಗ ಅಲ್ಲಿ ರಕ್ಷಣಾ ಸಂಶೋಧನೆಯ ವಿಮಾನ ಪರೀಕ್ಷಾ ನೆಲೆ ಇದೆ. 2016ರ ನವೆಂಬರ್‌ನಲ್ಲಿ ದೇಶದ್ದೇ ಆದ ಒಂದು ಹೊಸ ಚಾಲಕರಹಿತ ವಿಮಾನ ಮೊದಲು ಹಾರಿದ್ದು ಅಲ್ಲಿಂದ. 2017ರ ಮೇನಲ್ಲಿ ನೆಲೆಯ ಉದ್ಘಾಟನೆ. ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೂ ಅಲ್ಲೇ ಜಾಗ ಹೋಯಿತು. ದೇಶಕ್ಕೆ ಬೇಕಾದ ಕೆಲಸ ಅಲ್ಲಿ ನಡೆಯುತ್ತಿದೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಕುರಿ, ದನ ಮೇಯಿಸುತ್ತಿದ್ದ ಸುತ್ತಲ ಹಳ್ಳಿಯ ಎಷ್ಟೋ ಜನಕ್ಕೆ ವಿಷಯ ಗೊತ್ತಾದದ್ದು ಬೇಲಿ, ಗೋಡೆ ಎದ್ದ ಮೇಲೆ. ಪ್ರತಿಭಟನೆ ಆಯಿತು, ಹಸಿರು ನ್ಯಾಯಮಂಡಳಿಯವರೆಗೆ ದೂರು ಹೋಯಿತು. 2019ರಲ್ಲಿ ನಮ್ಮ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಹತ್ತಿರ, 2023ರಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ, ಪರೀಕ್ಷೆಗೆ ಹಾರಿದ ಚಾಲಕರಹಿತ ವಿಮಾನ ರೈತರ ಜಮೀನಿನಲ್ಲಿ ಬಿತ್ತು.

ಊರಿಗೆ ಮರಳಿದ ಮೇಲೆ ನಮ್ಮ ಸಂಸದರ ಕಚೇರಿಗೆ ಒಂದು ಕಾಗದ ಬರೆದೆ, ಅಂಚೆಚೀಟಿ ಹಚ್ಚಿ. ದೂರು ಬರೆಯಲಿಲ್ಲ. ಕೇಳಿದ್ದು ಇಷ್ಟು: ಕಾವಲಿನಲ್ಲಿ ಯಾವ ಸಂಸ್ಥೆಗೆ ಎಷ್ಟು ಎಕರೆ ಹೋಯಿತು, ದನ–ಕುರಿಗೆ ಉಳಿದದ್ದು ಎಷ್ಟು. ಜಮೀನಿನಲ್ಲಿ ವಿಮಾನ ಬಿದ್ದರೆ ರೈತ ಯಾರ ಬಳಿ ಹೋಗಬೇಕು, ಎಷ್ಟು ದಿನದಲ್ಲಿ ಪರಿಹಾರ. ಶೇಂಗಾ ವಿಮೆಗೆ ನಮ್ಮ ಹೋಬಳಿಯವರು ಕಟ್ಟಿದ ಕಂತು ಎಷ್ಟು, ಬಂದದ್ದು ಎಷ್ಟು. ರಕ್ಷಣಾ, ಕೃಷಿ ಇಲಾಖೆಗಳ ಅನುದಾನದ ಬೇಡಿಕೆಗಳ ಮೇಲೆ ಈ ವರ್ಷ ನೀವು ಸದನದಲ್ಲಿ ಏನು ಮಾತಾಡಿದಿರಿ. ಮತ ಎಣಿಸಿದ್ದರೆ ಏನೆಂದು ಹಾಕಿದಿರಿ, ಎಣಿಸದಿದ್ದರೆ ಏನೆಂದು ಹಾಕುತ್ತಿದ್ದಿರಿ. ಉತ್ತರವನ್ನು ನನ್ನೊಬ್ಬನಿಗೇ ಕಳಿಸುವುದು ಬೇಡ, ಕುದಾಪುರದ ಸುತ್ತಲಿನ ಪಂಚಾಯ್ತಿಗಳ ನೋಟಿಸ್ ಬೋರ್ಡಿಗೂ ಹಚ್ಚಿಸಿ ಎಂದು ಕೊನೆಯಲ್ಲಿ ಸೇರಿಸಿದೆ.